ಉಸಿರು ಹಿಡಿದ ಭತ್ತ

ಯಲಹಂಕ, ಗುರುವಾರ

ಅವ್ವಾ,

ನೀನು ಕಳಿಸಿದ ಹೊಳೆದಂಡೆಯ ಭತ್ತವಷ್ಟನ್ನೂ ನಾನು ಕೆಲಸ ಮಾಡುವ ಬೀಜ ಪ್ರಯೋಗಾಲಯದಲ್ಲಿ ಬಿತ್ತಿ, ಸಸಿಗಳನ್ನು ಇನ್ನೊಂದು ತಳಿಯ ಜೊತೆ ತೊಟ್ಟಿಯ ನೀರಲ್ಲಿ ಮುಳುಗಿಸಿದ್ದೆವು. ಆ ತಳಿ ನೀರಿನೊಡನೆ ಹೋರಾಡುತ್ತ ಎತ್ತರಕ್ಕೆ ಎದ್ದಿತು. ನಿನ್ನದು ಬೆಳೆಯಲೇ ಇಲ್ಲ. ಹೋರಾಡದವರು ಸತ್ತಂತೆ ಎಂದು ಚಳವಳಿಯ ಕರಪತ್ರಗಳಲ್ಲಿ ಓದಿ ನಂಬಿದವಳು ನಾನು. ಹತ್ತನೆಯ ದಿನ ನಿನ್ನ ಸಸಿಗಳನ್ನೆಲ್ಲ ಸತ್ತವೆಂದು ಕಿತ್ತೆಸೆದೆ.

"ಅಯ್ಯೋ, ಸತ್ತಿರ್ಲಿಲ್ಲ ಕಣಮ್ಮ! ಉಸಿರು ಹಿಡ್ಕೊಂಡ್ ಕೂತಿದ್ವು, ನೀರಿಳಿದ್ಮೇಲೆ ಮತ್ತೆ ಚಿಗುರ್ತಿದ್ವು. ಆ ಗುಣ ಬೀಜದಲ್ಲೇ ಬಂದಿರುತ್ತೆ," ಎಂದರು ನಮ್ಮ ವಿಜ್ಞಾನಿ ಗಜಾಲಾ ಮೇಡಂ. ನೀರಿಳಿಸಿದ ಮೇಲೆ ಎತ್ತರದವೇ ಕೊಳೆತವು.

ಇಲ್ಲಿ ಒಂದು ಕಾಳೂ ಉಳಿದಿಲ್ಲ. ನಿನ್ನ ಗಡಿಗೆಯ ತಳದಲ್ಲಿ ಒಂದು ಹಿಡಿಯಿದ್ದರೆ ಕುಟ್ಟಬೇಡ.

ಅಪ್ಪನ ಎದುರು ಸುಮ್ಮನಿರುತ್ತೀಯೆಂದು ನಿನ್ನನ್ನು ಹೇಡಿ ಅಂದಿದ್ದೆ. ಭಾನುವಾರ ಬರುತ್ತೇನೆ. ಬಾಗಿಲು ತೆಗೆ.

ನಿನ್ನ
ನೀಲಾ