ಹೊಟ್ಟೆಯಿರುವ ತೊಟ್ಟಿಗೆ ಎರಡು ದೀಪ

ಅಪ್ಪಾ,

ಮಧ್ಯಾಹ್ನ ಮೂರು ಗಂಟೆಗೆ ಡ್ರಿಲ್ಲಿನ ಸದ್ದಿಗೆ ಎಚ್ಚರವಾಯಿತು. ರಾತ್ರಿಯಿಡೀ ಕೂಸು ಮಲಗಗೊಟ್ಟಿರಲಿಲ್ಲ, ಆಗಷ್ಟೇ ಇಬ್ಬರಿಗೂ ಕಣ್ಣು ಹತ್ತಿತ್ತು. ನನ್ನ ಗಂಡ ಒಳಗೆ ಬಿಟ್ಟಿದ್ದ ಸಾಕುಮೀನಿನ ಅಂಗಡಿಯ ಪ್ರೇಮಕುಮಾರ ಏಣಿ ಹತ್ತಿ, ನನ್ನ ಉಪ್ಪುನೀರಿನ ಗಾಜಿನ ಮೀನುತೊಟ್ಟಿಯ ಮೇಲೆ ದೀಪ ಕೂರಿಸುತ್ತಿದ್ದ.

"ಅಕ್ಕಾರ, ನಿಮ್ಮ ಅಪ್ಪಾರು ಯಾವಾಗ್ಲೂ ಉದ್ದಂದು ಒಂದ ಲೈಟ್ ಹಾಕಸ್ತಾರ್ರಿ," ಎಂದ.

"ಅವರ ತೊಟ್ಟಿ ಮುಂದ ಸಪಾಟ ಅದ. ನನ್ನ ತೊಟ್ಟಿ ಗಾಜು ಮುಂದ ಹೊಟ್ಟಿ ಬಂದಂಗ ಬಾಗೇದ. ಒಂದ ಹಾಕಿದ್ರ ಹೊಟ್ಟಿ ಕತ್ತಲಾಗ ಉಳೀತದ. ಎರಡು ಹಾಕಪ್ಪಾ, ಒಂದು ಮುಂದ."

ನಿಮ್ಮನ್ನು ಕೇಳದೆ ಮದುವೆಯಾದ ಹಾಗೆಯೇ ದೀಪವನ್ನೂ ಕೇಳದೆ ಆಯ್ದುಕೊಂಡೆ. ಎರಡೂ ತಪ್ಪಲ್ಲ. ಬಾಗಿದ ಗಾಜಿನ ಅಂಚಿನ ತನಕ ಬೆಳಕು ತುಂಬಿತು. ಎಂಟು ತಿಂಗಳ ಕೂಸು ಮೀನು ನೋಡಿ ಕೇಕೆ ಹಾಕಿತು. ಒಂದೇ ಊರೊಳಗೆ ನಿಮ್ಮ ಭೋಸರಿಯಿಂದ ನನ್ನ ವಾಕಡಕ್ಕೆ ಎಷ್ಟು ದೂರ? ನೀವು ಬಂದು ನೋಡಲಿಲ್ಲ.

ತೊಟ್ಟಿಯಲ್ಲಿ ಸಾಕಿದ ಜೀವಂತ ಹವಳಗಳಿಗೆ ಒಗ್ಗಲೆಂದು ಹೊಸ ದೀಪವನ್ನು ಮೊದಲು ಮಂದವಾಗಿಟ್ಟು ವಾರವಾರ ಏರಿಸುವುದನ್ನು ನಿಮ್ಮ ಕೈಯಲ್ಲೇ ನೋಡಿ ಬೆಳೆದವಳು ನಾನು. ಆದರೂ ಹಟಕ್ಕೆ ಪೂರ್ತಿ ಹಚ್ಚಿದೆ. ಸಂಜೆಯೊಳಗೆ ಹವಳಗಳೆಲ್ಲ ಮುದುಡಿಕೊಂಡವು.

ಬೆಳಿಗ್ಗೆ ಏಳಕ್ಕೆ ಟೈಮರ್ ಮತ್ತೆ ಅಷ್ಟೇ ಬೆಳಕು ಸುರಿಯುತ್ತದೆ. ಎಷ್ಟು ಇಳಿಸಬೇಕೆಂದು ಪ್ರೇಮಕುಮಾರನೂ ಹೇಳಿಯಾನು. ನನಗೆ ಅವನ ಮಾತು ಬೇಡ. ನೀವು ಬೈಯಿರಿ. ಕೂಸು ಹೇಗಿದೆ ಎಂದು ಕೇಳದಿದ್ದರೂ ನಡೆಯುತ್ತದೆ, ಬರೀ ಲೈಟಿನ ಮಾತಾಡಿ. ಈ ಪತ್ರವನ್ನು ಕಳಿಸುವವಳಲ್ಲ ನಾನು. ಆದರೂ ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡಿ ಅಪ್ಪಾ, ಮಾಡಿ.