ಲೀಸ್ಬೆತ್‌ಳ ಕಲ್ಲುಹವಳ

ವೀಬೆ ಮಹಾಶಯ,

ಸತ್ತವರನ್ನು ಬಯ್ಯಬಾರದಂತೆ. ಬದುಕಿದ್ದಾಗ ಬಯ್ದದ್ದು ನಿನಗೆ ನಾಟಲೇ ಇಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ನಿನ್ನ ಮಗಳು ಹಿಸ್ಕೆ ನೀನು ಹವಳ ಸಾಕಿದ್ದ ಗಾಜಿನ ತೊಟ್ಟಿ ಖಾಲಿ ಮಾಡಿದಳು. ನಮ್ಮ ಲೇವಾರ್ಡನ್ ಊರಿನ ಹವಳ ಸಾಕುವವರೆಲ್ಲ ಬಕೆಟ್ ಹಿಡಿದು ಬಂದಿದ್ದರು. ನಾನೂ ಹೋದೆ. ತೊಟ್ಟಿಯೋ, ಕುಣಿತದ ಬಾರಿನ ಹಾಗೆ ನೀಲಿ ದೀಪ! ಕಾಲೇಜಿನ ಇಂಗ್ಲಿಷಿನಲ್ಲಿ ನಿನ್ನಂಥವರಿಗೊಂದು ಪದವಿತ್ತು, ಷೋಮನ್ನೋ ಷೋಪೀಸೋ, ಮರೆತಿದ್ದೇನೆ.

ಬೇಸಿಗೆಯಲ್ಲಿ ನನ್ನ ತೊಟ್ಟಿಯ ಹೀಟರ್ ಆರದಂತೆ ಕೆಟ್ಟು, ನೀರು ಕಾದು, ನನ್ನಾಕೆ ಲೀಸ್ಬೆತ್ ಬೆಳೆಸಿದ್ದ ಹಸಿರು ಕಲ್ಲುಹವಳ ಸುಣ್ಣದಂತೆ ಬೆಳ್ಳಗಾಗಿ ಸತ್ತಿತು. ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದಿದ್ದ ಅವಳ ಜೀವ ಅದೊಂದೇ. ಹವಳ ಸಾಕುವ ನಮ್ಮವರ ಪದ್ಧತಿಯಂತೆ ಅವಳು ಅದರ ಒಂದು ತುಂಡನ್ನು ನಿನಗೂ ಕೊಟ್ಟಿದ್ದಳು, ಒಬ್ಬರ ಮನೆಯಲ್ಲಿ ಸತ್ತರೆ ಇನ್ನೊಬ್ಬರ ಮನೆಯಲ್ಲಿ ಉಳಿಯಲಿ ಎಂದು. ಆದರೆ ನಿನ್ನ ಡೌಲು ಕಂಡು ಮಾತು ಬಿಟ್ಟವನು ನಾನು, ಬಾಗಿಲು ತಟ್ಟಿ ಬೇಡುತ್ತೇನೆಯೆ?

"ಯೆಲ್ಲೆ ಮಾಮ, ಈ ತುಂಡನ್ನ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ," ಅಂದಳು ಹಿಸ್ಕೆ. "'ಆ ಜಂಬದ ಕೋಳಿ ಬಂದೇ ಬರ್ತಾನೆ, ಅವನಿಗೇ ಕೊಡು' ಅಂತಿದ್ರು ಅಪ್ಪ. ಯಾಕೆ ಇಷ್ಟು ತಡ ಮಾಡಿದ್ರಿ?"

"ಬಸ್ಸು ಸಿಗಲಿಲ್ಲಮ್ಮ," ಅಂದೆ.

ಅದನ್ನು ಕಲ್ಲಿಗೆ ಕೂರಿಸಲು ಅಂಟು ಮೆತ್ತಿದ್ದೀಯ ನೋಡು, ಗಾರೆ ಕಲಸಿ ಬಡಿದ ಹಾಗೆ! ಆದರೂ ಹವಳ ಮುಷ್ಟಿಗಾತ್ರ ಬೆಳೆದಿದೆ. ಮನೆಗೆ ತಂದು, ನನ್ನ ತೊಟ್ಟಿಯ ಕಲ್ಲಿಗೆ ನೀಟಾಗಿ ಅಂಟಿಸಿದೆ. ಕೊಡುವುದಕ್ಕೆಂದು ಒಂದು ಕವಲು ಮುರಿದು ಡಬ್ಬಿಯ ನೀರಿನಲ್ಲೂ ಇಟ್ಟೆ.

ಈಗ ಹೇಳು ಮೂರ್ಖ, ಇದನ್ನು ಯಾರ ಮನೆಗೆ ಒಯ್ಯಲಿ?

ಯೆಲ್ಲೆ