ಮಾತು ಬೇಕೋ ಮಾತ್ರೆ ಬೇಕೋ ಎಂದು ಕೇಳುವ ಕೌಂಟರು

ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ಖಿನ್ನತೆಯ ರೋಗಿಗಳು ಇನ್ನು ಮಾತ್ರೆ ಅಥವಾ ಆಪ್ತಸಮಾಲೋಚನೆ, ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂಬ ತಮ್ಮ ಸುತ್ತೋಲೆ ನಮ್ಮ ಮನೆಯನ್ನು ಮತ್ತೆ ಮೌನಕ್ಕೆ ತಳ್ಳಿದೆ. ‘ಎರಡೂ ಸರಿಸುಮಾರು ಸಮಾನ ಪರಿಣಾಮಕಾರಿ, ಆದ್ದರಿಂದ ಒಂದು ಸಾಕು’ ಎಂದಿದ್ದೀರಿ. ತಮ್ಮ ಎರಡು ಕಾಲುಗಳೂ ಸರಿಸುಮಾರು ಸಮಾನವೇ ಇರಬೇಕು. ಒಂದನ್ನು ಮನೆಯಲ್ಲಿ ಬಿಟ್ಟು ಕಚೇರಿಗೆ ಬರುತ್ತೀರಾ?

ನನ್ನ ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳು ಬರುವುದು ಹೋಗುವುದನ್ನು ಕೂಗಿ ಹೇಳುವವಳು. ಮೈಕಿನಲ್ಲಿ ಜೇನು, ಮನೆಯಲ್ಲಿ, ನನ್ನ ಪಾಲಿಗೆ, ಜೇನುನೊಣ. ನನಗೊಂದು ಹೆಸರಿಟ್ಟಿದ್ದಾರೆಂಬುದೇ ಅವಳಿಗೆ ಮರೆತುಹೋಗಿದೆ. ಕರೆಯುವುದು ‘ಕೋತಿ’ ಎಂದು. ಇಂಥವಳು ಕಳೆದ ವರ್ಷ ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ತಿಂಡಿ ಸಿದ್ಧವಿದೆ, ದಯವಿಟ್ಟು ಬನ್ನಿ” ಎಂದಳು. ತಮಾಷೆಯೆಂದು ನಕ್ಕೆ. ಅವಳು ನಗಲಿಲ್ಲ. ಮಾರನೆಯ ದಿನವೂ ಅದೇ ಮೈಕಿನ ಭಾಷೆ. ಸ್ವಂತ ಮಾತು ಒಳಗೆಲ್ಲೋ ಬತ್ತಿಹೋಗಿತ್ತು. ನಿಲ್ದಾಣದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಬಸ್ಸುಗಳು ಹೊರಡುತ್ತಲೇ ಇದ್ದವು. ಕೊನೆಗೆ ಅಕ್ಕ ಹಾಸಿಗೆಯಿಂದ ಏಳುವುದನ್ನೇ ಬಿಟ್ಟಳು.

ತಮ್ಮ ವೈದ್ಯರು ಮಾತ್ರೆ ಕೊಟ್ಟರು. ಕೆಲವು ವಾರಗಳಲ್ಲಿ ನಿದ್ದೆ ಬಂತು, ಹಸಿವು ಬಂತು, ಅಕ್ಕ ಕೆಲಸಕ್ಕೂ ಹೋದಳು. ಆದರೆ ‘ದಯವಿಟ್ಟು’ ಹೋಗಲಿಲ್ಲ. ಆಮೇಲೆ ತಮ್ಮದೇ ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಆಪ್ತಸಮಾಲೋಚಕಿ ಅವಳನ್ನು ವಾರವಾರ ಮಾತನಾಡಿಸಿದರು. ‘ನಾನು ಯಾರಿಗೂ ಬೇಡ’ ಎಂಬ ಯೋಚನೆ ಬಂದರೆ ನಂಬುವ ಮುನ್ನ ಅದನ್ನು ತಡೆದು ವಿಚಾರಿಸಲು ಕಲಿಸಿದರು. ಒಂದು ಸಂಜೆ ಮನೆಗೆ ಬಂದವಳೇ, “ಲೋ ಕೋತಿ, ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ?” ಎಂದಳು. ಬೈಸಿಕೊಂಡು ಅಷ್ಟು ಸುಖಪಟ್ಟದ್ದು ಅದೇ ಮೊದಲು.

ಬಲ್ಲವರನ್ನು ಕೇಳಿದೆ. ಎರಡೂ ಮಿದುಳನ್ನು ಬದಲಿಸುತ್ತವಂತೆ, ಬೇರೆ ಬೇರೆ ಬಾಗಿಲಿನಿಂದ ಒಳಹೊಕ್ಕು. ಮಾತ್ರೆ ಭಯ, ದುಃಖ ಕುದಿಯುವ ಆಳದಿಂದ. ಮಾತು ಹಣೆಯ ಹಿಂದಿನ ವಿವೇಚನೆಯ ಕಡೆಯಿಂದ. ಇದೂ ಅಂದಾಜೇ, ಚಿತ್ರ ಇನ್ನೂ ಪೂರ್ತಿ ಸ್ಪಷ್ಟವಿಲ್ಲ. ಕೆಲವರಿಗೆ ಒಂದೇ ಸಾಕು, ಕೆಲವರಿಗೆ ಎರಡೂ ಬೇಕು ಎಂದರು. ಯಾರಿಗೆ ಯಾವುದೆಂದು ರೋಗಿಯನ್ನು ನೋಡಿ ವೈದ್ಯರು ಹೇಳಬೇಕು. ತಾವು ಯಾರ ಮಿದುಳು ನೋಡಿ ಸುತ್ತೋಲೆ ಹೊರಡಿಸಿದಿರಿ?

ಕಳೆದ ತಿಂಗಳು ಕೌಂಟರಿನಲ್ಲಿ ಗುಮಾಸ್ತರು, “ಯಾವ್ದು ಬೇಕು ಮೇಡಂ, ಬೇಗ ಹೇಳಿ” ಎಂದರು.

“ಬಸ್ಸಿಗೆ ಡೀಸೆಲ್ ಬೇಕೋ ಡ್ರೈವರ್ ಬೇಕೋ ಅಂತ ಕೇಳ್ತಿದೀರಲ್ಲ ಸಾರ್?” ಎಂದಳು ಅಕ್ಕ.

“ಆರ್ಡರ್ ಮಾಡಿದೋರು ಮೇಲಿದಾರೆ. ನನ್ನನ್ನ ಯಾಕೆ ಬೈತೀರಾ?”

ಮತ್ತೆ ಹಾಸಿಗೆ ಹಿಡಿಯುವ ಭಯಕ್ಕೆ ಅಕ್ಕ ಮಾತ್ರೆಯನ್ನೇ ಆರಿಸಿಕೊಂಡಳು. ಮೆಟ್ಟಿಲ ಕೆಳಗಿನ ಕೋಣೆ ಅವಳ ಪಾಲಿಗೆ ಮುಚ್ಚಿತು.

ತಮ್ಮೊಡನೆ ವಾದಿಸುವ ತ್ರಾಣ ನನಗೂ ಉಳಿದಿಲ್ಲ. ಸುತ್ತೋಲೆ ಹಿಂಪಡೆಯಿರಿ, ಆ ತೀರ್ಮಾನವನ್ನು ವೈದ್ಯರಿಗೇ ಬಿಡಿ, ಅಕ್ಕನ ವಾರದ ಸರದಿಯನ್ನು ಅವಳಿಗೆ ಮರಳಿಸಿ. ಬೇಗ ಆಗಲಿ. ನಿನ್ನೆ ಬೇಕೆಂದೇ ಒದ್ದೆ ಟವೆಲನ್ನು ಅವಳ ಹಾಸಿಗೆಯ ಮೇಲೆ ಹಾಕಿ ಕಾದು ಕೂತೆ. ಅಕ್ಕ ಬಂದಳು, ನೋಡಿದಳು, ಪಕ್ಕಕ್ಕೆ ಸರಿಸಿದಳು.

“ದಯವಿಟ್ಟು ದೀಪ ಆರಿಸಿ” ಎಂದು ಮಲಗಿದಳು.

ಇಂತಿ,
ಬೈಗುಳಕ್ಕಾಗಿ ಕಾದಿರುವ
ಕೋತಿ